ಬಸಣ್ಣನ ಜೋಳಿಗೆಯ ಸೀಸೆಗಳು

ಒಂದು ವಯಸ್ಸು ದಾಟಿದ ಮೇಲೆ ಕೆಲವು ಇಷ್ಟಗಳನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಕಷ್ಟ. ಸಂಗೀತ ಇಷ್ಟ ಎನ್ನಬಹುದು. ಇಸ್ಪೀಟು ಇಷ್ಟ ಎಂದರೂ ಜನ ನಕ್ಕು ಸುಮ್ಮನಾಗುತ್ತಾರೆ. ಏನೂ ತೋಚದಿದ್ದರೆ ಬೆಳಗಿನ ವಾಕಿಂಗ್ ಇಷ್ಟ ಎಂದು ಸುಳ್ಳಾದರೂ ಹೇಳಬಹುದು. ಆದರೆ ಮುಂಬಯಿಯ ಫೋರ್ಟಿನ ಆಫೀಸೊಂದರಲ್ಲಿ ಹೆಡ್ ಕ್ಲಾರ್ಕಾಗಿದ್ದ, ಮೀಸೆಯಲ್ಲಿ ಆಗಲೇ ಬಿಳಿ ಕೂದಲು ಕಾಣಿಸಿಕೊಂಡಿದ್ದ ಗೃಹಸ್ಥನೊಬ್ಬ, ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಎಂದರೆ ನನಗೆ ಪ್ರಾಣ, ಅದರಲ್ಲೂ ಕತ್ತಿ ಹಿಡಿದು ಊರೂರು ಅಲೆದು ರಾಕ್ಷಸರನ್ನು ಕೊಲ್ಲುವ ಆಟವಾದರೆ ಊಟವೂ ಬೇಡ ಎಂದರೆ, ಕೇಳಿದವರು ಅವನನ್ನು ಬಿಟ್ಟು ಅವನ ಹೆಂಡತಿಯ ಕಡೆ ಮರುಕದಿಂದ ನೋಡುತ್ತಾರೆ. ನನ್ನ ಹೆಂಡತಿ ಸರೋಜ ಇಂಥ ಮರುಕವನ್ನು ಬಹಳ ವರ್ಷ ಸಂತೋಷದಿಂದ ಸ್ವೀಕರಿಸಿದ್ದಾಳೆ.

ಈ ಚಟ ನನಗೆ ಅಂಟಿದ್ದು ಎಂಬತ್ತರ ದಶಕದ ಮೊದಲಲ್ಲಿ, ಬಾಂದ್ರಾದ ಒಂದು ರೆಸ್ಟೋರೆಂಟಿನಲ್ಲಿ. ಅಲ್ಲಿ ಕೈತೊಳೆಯುವ ಜಾಗದ ಪಕ್ಕ ಬೀರುವಿನಷ್ಟು ಎತ್ತರದ ಒಂದು ಯಂತ್ರ ನಿಂತಿತ್ತು. ನಾಣ್ಯ ಹಾಕಿದರೆ ಆಕಾಶದಿಂದ ಬಂಡೆಗಳು ಬೀಳುತ್ತಿದ್ದವು, ನಾವು ಗುಂಡು ಹೊಡೆಯಬೇಕು. ನಾನು ಕೈ ತೊಳೆಯಲು ಹೋದವನು ಬರುವಷ್ಟರಲ್ಲಿ ಜೊತೆಗಿದ್ದವರ ಊಟ ಮುಗಿದಿತ್ತು. ಆಮೇಲೆ ಗಲ್ಫಿನಿಂದ ಬಂದ ಸಹೋದ್ಯೋಗಿಯೊಬ್ಬ ತಂದುಕೊಟ್ಟ ಟೀವಿ ಗೇಮು, ಅದಕ್ಕೆ ಹಾಕುವ ಕ್ಯಾಸೆಟ್ಟುಗಳು, ಕ್ಯಾಸೆಟ್ಟು ನಡೆಯದಿದ್ದರೆ ಅದರ ಬಾಯಿಗೆ ಉಫ್ ಎಂದು ಊದುವ ವಿದ್ಯೆ, ಹೀಗೆ ಒಂದೊಂದಾಗಿ ಬಂದವು. ಆದರೂ ಗುಂಡು ಹೊಡೆಯುವ ಆಟಗಳಲ್ಲಿ ನನಗೇನೋ ಕೊರತೆ ಕಾಣುತ್ತಿತ್ತು. ಎಷ್ಟು ಹೊಡೆದರೂ ಹೊಡೆಯುವವನು ಮೊದಲಿದ್ದ ಹಾಗೇ ಇರುತ್ತಾನೆ. ಅಂಥ ಬದುಕು ನನಗೆ ಆಫೀಸಿನಲ್ಲೇ ಸಿಗುತ್ತಿತ್ತು.

ಕತ್ತಿಯ ಆಟಗಳ ರೀತಿಯೇ ಬೇರೆ. ಅಲ್ಲಿ ಪ್ರಾರಂಭದಲ್ಲಿ ನಮ್ಮ ನಾಯಕ ಒಂದು ಬಾವಲಿಗೂ ಹೆದರುವ ಬಡಪಾಯಿ. ಹತ್ತಿಪ್ಪತ್ತು ಬಾವಲಿ ಕೊಂದ ಕೂಡಲೇ ಒಂದು ಸಂಗೀತ ಮೊಳಗಿ ಅವನಿಗೆ ಬಡ್ತಿ ಸಿಗುತ್ತದೆ. ಶಕ್ತಿ ಹೆಚ್ಚುತ್ತದೆ, ಕತ್ತಿ ಉದ್ದವಾಗುತ್ತದೆ. ಇದನ್ನು ಮೊದಲ ಸಲ ಕಂಡಾಗ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಮ್ಮ ಆಫೀಸಿನಲ್ಲಿ ಎಷ್ಟು ಬಾವಲಿ ಕೊಂದರೂ ಮುಂದಿನ ಕುರ್ಚಿಯವನು ರಿಟೈರ್ ಆಗುವವರೆಗೆ ಕಾಯಬೇಕಿತ್ತು, ಸಂಗೀತವಂತೂ ಯಾರೂ ನುಡಿಸುತ್ತಿರಲಿಲ್ಲ. ದುಡಿದವನಿಗೆ ಆ ಕ್ಷಣವೇ ಫಲ ಕೊಡುವ ಲೋಕವೊಂದು ನನ್ನ ಟೀವಿಯೊಳಗೇ ಇದೆ ಎಂದು ಗೊತ್ತಾದ ದಿನದಿಂದ ನಾನು ಮನೆಗೆ ಮರಳುವ ಐದೂ ಮುಕ್ಕಾಲರ ಲೋಕಲ್ ರೈಲು ತಪ್ಪಿಸಿಕೊಂಡಿದ್ದಿಲ್ಲ.

ಹೀಗೆ ನನ್ನ ಮನಸ್ಸು ಗೆದ್ದ ಆಟಗಳು ಹಲವು. ಹೊರಗಿನ ಚೀಟಿಯಲ್ಲಿ ಜಪಾನಿ ಅಕ್ಷರಗಳಿರುತ್ತಿದ್ದುದರಿಂದ ಅವಕ್ಕೆ ನಾನೇ ಹೆಸರಿಟ್ಟುಕೊಂಡಿದ್ದೆ. 'ಏಳು ಬಾಗಿಲು' ಎಂಬುದರಲ್ಲಿ ಆರನೆಯ ಬಾಗಿಲು ತೆರೆಯುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. 'ಮಂಜಿನ ದೇಶ' ಎಂಬುದನ್ನು ಮೇ ತಿಂಗಳಲ್ಲಿ ಆಡಿದರೆ ಮೈ ತಣ್ಣಗಾಗುತ್ತದೆ ಎಂದು ನಾನು ನಂಬಿದ್ದೆ, ಸರೋಜ ನಂಬಿರಲಿಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚಿನ ಪ್ರೀತಿ 'ಹಾವಿನ ಗವಿ'ಯ ಮೇಲೆ. ಅದರ ನಾಯಕ ಗಿಡ್ಡ, ಭುಜ ಅಗಲ, ಹೆಗಲಲ್ಲಿ ಜೋಳಿಗೆ. ಧಾರವಾಡದವಳಾದ ಸರೋಜ ಅವನನ್ನು ಕಂಡ ಮೊದಲ ದಿನವೇ ಒಗ್ಗರಣೆ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಯ್ಯ, ಇಂವಾ ಥೇಟ್ ನಮ್ಮ ಸ್ವಾದರಮಾವ ಬಸಣ್ಣನ್ಹಂಗ ನಡೀತಾನಲ್ರಿ," ಎಂದಳು.

ಅಂದಿನಿಂದ ಅವನು ಬಸಣ್ಣನಾದ. ಹೆಸರು ಬಂದ ಮೇಲೆ ಸಂಬಂಧ ಬಂತು. ಅದುವರೆಗೆ ನನ್ನ ಆಟವನ್ನು ಕಂಡರೆ ಮುಖ ಸಿಂಡರಿಸುತ್ತಿದ್ದವಳು, "ಬಸಣ್ಣ ಇವತ್ತು ಎಲ್ಲಿಗೆ ಮುಟ್ಟಿದಾ?" ಎಂದು ವಿಚಾರಿಸತೊಡಗಿದಳು. ಬಸಣ್ಣ ಸತ್ತರೆ ಮಾತ್ರ ಅವಳ ಸಿಟ್ಟು ನೇರ ನನ್ನ ಮೇಲೆ.

ಬಸಣ್ಣ ಸಾಯುತ್ತಿದ್ದುದಕ್ಕೆ ಕಾರಣ ನಮ್ಮ ಮನೆತನ. ಇದನ್ನು ಸ್ವಲ್ಪ ವಿವರಿಸಬೇಕು. ನಾನು ಮೈಸೂರಿನ ಕಡೆಯವನು. ನಮ್ಮ ತಾಯಿ ಮನೆಗೆ ಯಾವ ಒಳ್ಳೆಯ ವಸ್ತು ಬಂದರೂ "ಇರಲಿ, ಬೇಕಾಗುತ್ತೆ" ಎಂದು ಎತ್ತಿಡುತ್ತಿದ್ದರು. ಗಂಧದ ಸೋಪು ಪೆಟ್ಟಿಗೆಯಲ್ಲೇ ಒಣಗಿ ಬಿರುಕು ಬಿಡುತ್ತಿತ್ತು. ಹೊಸ ಟವೆಲ್ಲು ನೆಂಟರಿಗಾಗಿ ಕಾಯುತ್ತಿತ್ತು. ನೆಂಟರು ಬಂದರೆ, ಇವರಿಗಿಂತ ದೊಡ್ಡ ನೆಂಟರು ಬರಬಹುದು ಎಂದು ಮತ್ತೆ ಒಳಗೆ ಹೋಗುತ್ತಿತ್ತು. ನಾನು ಮುಂಬಯಿಗೆ ಬಂದೆ, ಆಂಟಾಪ್ ಹಿಲ್ಲಿನಲ್ಲಿ ಮನೆ ಮಾಡಿದೆ, ಊರು ಭಾಷೆ ಎಲ್ಲ ಬದಲಾಯಿತು, ಈ ಗುಣ ಮಾತ್ರ ಟ್ರಂಕಿನ ಜೊತೆಗೇ ಬಂತು. ಒಂದು ಜುಲೈ ತಿಂಗಳಲ್ಲಿ ನಾನು ಹೊಸ ಛತ್ರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದು ನೆನೆಯದ ಹಾಗೆ ಕಂಕುಳಲ್ಲಿ ಅವುಚಿಕೊಂಡು, ಸ್ಟೇಷನ್ನಿನಿಂದ ಮನೆಯವರೆಗೆ ತೊಯ್ದುಕೊಂಡು ಬಂದದ್ದನ್ನು ನಮ್ಮ ಬಿಲ್ಡಿಂಗಿನವರು ಕಂಡಿದ್ದಾರೆ. ನಮ್ಮ ಮದುವೆಗೆ ಬಂದ ಹೂವಿನ ಚಿತ್ರದ ಪಿಂಗಾಣಿ ತಟ್ಟೆಗಳು ಹಾಲ್‌ನ ಶೋಕೇಸಿನಲ್ಲಿ ಗಾಜಿನ ಹಿಂದೆ ಕೂತು ನಾವು ಸ್ಟೀಲ್ ತಟ್ಟೆಯಲ್ಲಿ ಉಣ್ಣುವುದನ್ನು ನೋಡುತ್ತಿದ್ದವು. ಸರೋಜ ಕೇಳಿದಾಗಲೆಲ್ಲ ನನ್ನ ಉತ್ತರ ಸಿದ್ಧವಾಗಿತ್ತು. "ಇರಲಿ ಬಿಡು, ಬೇಕಾಗುತ್ತೆ."

ಆಟದಲ್ಲಿ ಬಸಣ್ಣನಿಗೆ ಮದ್ದಿನ ಸೀಸೆಗಳು ಸಿಗುತ್ತವೆ. ಕೆಂಪು ಸೀಸೆ ಕುಡಿದರೆ ಹೋದ ಜೀವ ಅರ್ಧ ಬರುತ್ತದೆ. ನೀಲಿ ಸೀಸೆ ಕುಡಿದರೆ ಪೂರ್ತಿ ಬರುತ್ತದೆ, ಮೇಲೆ ಸ್ವಲ್ಪ ಹೊತ್ತು ಕತ್ತಿಯಿಂದ ಬೆಂಕಿ ಹಾರುತ್ತದೆ. ನಾನು ಒಂದನ್ನೂ ಕುಡಿಸುತ್ತಿರಲಿಲ್ಲ. ಕಾಡು, ಮರುಭೂಮಿ, ಪಾಳುಕೋಟೆ ಎಲ್ಲವನ್ನೂ ಅವನು ಏದುಸಿರು ಬಿಡುತ್ತ, ಕುಂಟುತ್ತ, ತುಂಬಿದ ಜೋಳಿಗೆ ಹೊತ್ತುಕೊಂಡು ದಾಟಿದ. ತೆರೆಯ ಮೂಲೆಯಲ್ಲಿ ಆ ಸೀಸೆಗಳು ಸಾಲಾಗಿ ನಿಂತಿರುವುದನ್ನು ಕಂಡರೆ ನನಗೆ ಶೋಕೇಸು ನೋಡಿದಷ್ಟೇ ನೆಮ್ಮದಿ. ಕೊನೆಯ ಗವಿಯಲ್ಲಿ ಮೂರು ತಲೆಯ ಹಾವು ಕಾದಿತ್ತು. ಅದರ ಮುಂದೆ ಬಸಣ್ಣ ಮತ್ತೆ ಮತ್ತೆ ಸತ್ತ. ಸತ್ತಾಗಲೆಲ್ಲ ಬೆಟ್ಟದ ಕೆಳಗಿನ ಹಳ್ಳಿಯಲ್ಲಿ, ಜೋಳಿಗೆಯ ಸಮೇತ, ಮಲಗಿ ಎದ್ದವನಂತೆ ಏಳುತ್ತಿದ್ದ. ಅಲ್ಲಿಂದ ಗವಿಗೆ ಮತ್ತೆ ನಡೆಯಬೇಕು.

"ಔಷಧ ಇಟಗೊಂಡು ಸಾಯೂ ಮಂದೀನ ನಾ ಇಲ್ಲೇ ನೋಡಿದ್ದು," ಎಂದಳು ಸರೋಜ. "ಕುಡಸರಿ ಅವಂಗ."

"ಮುಂದೆ ಇನ್ನೂ ದೊಡ್ಡ ರಾಕ್ಷಸ ಬರಬಹುದು ಕಣೇ."

"ಇವನs ಕಡೇ ರಾಕ್ಷಸ ಅಂತ ನೀವs ಹೇಳೀರಲ್ರಿ."

ಹೇಳಿದ್ದು ನಿಜವೇ. ಆದರೂ ಕುಡಿಸಲು ಕೈ ಬರಲಿಲ್ಲ.

ಇದರ ನಡುವೆ ಇನ್ನೊಂದು ತೊಂದರೆ. ಈ ಬಗೆಯ ಕ್ಯಾಸೆಟ್ಟಿನೊಳಗೆ ಒಂದು ಪುಟ್ಟ ಸೆಲ್ ಇರುತ್ತದೆ. ಆಟ ಎಲ್ಲಿಯವರೆಗೆ ಬಂದಿತು ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ನನ್ನ ಕ್ಯಾಸೆಟ್ಟಿನ ಸೆಲ್ ಸತ್ತಿತ್ತು. ಮಷೀನು ಆರಿಸಿದರೆ ಬಸಣ್ಣ ಮತ್ತೆ ಬಾವಲಿಗೆ ಹೆದರುವ ಬಡಪಾಯಿ. ಆದ್ದರಿಂದ ನಾನು ಮೂರು ವಾರದಿಂದ ಮಷೀನನ್ನು ಆರಿಸಿರಲೇ ಇಲ್ಲ. ಆಫೀಸಿಗೆ ಹೋಗುವಾಗ ಟೀವಿ ಆರಿಸುತ್ತಿದ್ದೆ, ಮಷೀನು ಉರಿಯುತ್ತಲೇ ಇರುತ್ತಿತ್ತು. ಅದು ಬಿಸಿಯಾಗುತ್ತದೆಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದ್ದೆ. ಮೇ ತಿಂಗಳ ಮುಂಬಯಿಯಲ್ಲಿ ಗಂಡ ಹೆಂಡತಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದರೆ ಫ್ಯಾನು ಬಸಣ್ಣನಿಗೆ ಗಾಳಿ ಹಾಕುತ್ತಿತ್ತು. ತೌರಿಗೆ ಫೋನು ಮಾಡಿದಾಗ ಸರೋಜ ಇದನ್ನು ಹೇಳಿರಬೇಕು. ಅತ್ತೆಯವರು ನನ್ನನ್ನು ಫೋನಿಗೆ ಕರೆದು, ನಿದ್ದೆ ಸರಿಯಾಗಿ ಬರುತ್ತದೆಯೇ ಎಂದು ಬಹಳ ಮೃದುವಾಗಿ ಕೇಳಿದರು.

ಆ ಶನಿವಾರ ಆಫೀಸಿನಿಂದ ಬರುತ್ತಲೇ ಬಿಲ್ಡಿಂಗಿನ ಬಾಗಿಲ ಬಳಿಯ ಕಪ್ಪು ಹಲಗೆಯ ಮೇಲೆ ಮರಾಠಿಯಲ್ಲಿ ಬರೆದದ್ದು ಕಂಡಿತು. ಮೀಟರ್ ರೂಮಿನ ರಿಪೇರಿಗಾಗಿ ಭಾನುವಾರ ಹನ್ನೆರಡಕ್ಕೆ ಇಡೀ ಬಿಲ್ಡಿಂಗಿನ ಲೈಟು ಬಂದ್. ಕೆಳಗೆ ನಮ್ಮ ಸೊಸೈಟಿ ಸೆಕ್ರೆಟರಿ ಸಾವಂತರ ಸಹಿ. ಸಾವಂತರು ಹನ್ನೆರಡು ಎಂದರೆ ಹನ್ನೆರಡೇ. ನಳದ ನೀರು ಬಿಡುವುದರಲ್ಲಾಗಲೀ ಗಣಪತಿಯ ಆರತಿಯಲ್ಲಾಗಲೀ ಅವರ ಗಡಿಯಾರ ಯಾರಿಗೂ ರಿಯಾಯಿತಿ ಕೊಟ್ಟಿದ್ದಿಲ್ಲ. ನಾನು ಹೋಗಿ ಒಂದು ದಿನ ಮುಂದೆ ಹಾಕಲು ಬೇಡಿದೆ. ಮನೆಯಲ್ಲಿ ಕಾಯಿಲೆಯೇ ಎಂದು ಕೇಳಿದರು. ಒಬ್ಬರು ಹಾವಿನ ಮುಂದೆ ನಿಂತಿದ್ದಾರೆ ಎಂದು ಹೇಳುವುದು ಹೇಗೆ? ಮೆಟ್ಟಿಲು ಹತ್ತಿ ಬಂದೆ.

ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿ ಕೂತೆ. ಮೊದಲ ಸಲ ಹಾವಿನ ಬಾಲ ಬಡಿದು ಬಸಣ್ಣ ಸತ್ತ. ಎರಡನೆಯ ಸಲ ಎರಡು ತಲೆ ಕಡಿದ ಮೇಲೆ ಸತ್ತ. ಜೋಳಿಗೆ ತುಂಬಿಯೇ ಇತ್ತು. ಮತ್ತೆ ಹಳ್ಳಿಯಿಂದ ಹೊರಟು ಗವಿಯ ಬಾಗಿಲಿಗೆ ಬಂದಾಗ ಹನ್ನೆರಡಕ್ಕೆ ಕೆಲವೇ ನಿಮಿಷ ಉಳಿದಿದ್ದವು. ಆಗಲೇ ಬಾಗಿಲು ಬಡಿದ ಸದ್ದು. ಎಲ್ಲ ಮನೆಗಳಲ್ಲೂ ಸ್ವಿಚ್ಚು ಆರಿದೆಯೇ ಎಂದು ನೋಡುತ್ತ ಬಂದ ಸಾವಂತರು. ಫ್ಯಾನು, ಮಷೀನು, ಟೀವಿ, ನಾನು, ಎಲ್ಲವನ್ನೂ ಒಮ್ಮೆ ನೋಡಿ ಅವರು ಗಡಿಯಾರದ ಮೇಲೆ ಬೆರಳು ತಟ್ಟಿದರು.

"ರಾವ್ ಸಾಹೇಬ್, ಬಂದ್ ಕರಾ," ಎಂದರು.

ಸರೋಜ ಕುರ್ಚಿ ಎಳೆದು ಹಾಕಿದಳು. "ಭಾವೂ, ಬಸಾ ಜರಾ. ಮೂರು ವಾರದಿಂದ ಹೊಂಟಾನ್ರಿ ಪಾಪ, ಈಗ ಬಾಗಲಕ್ಕ ಬಂದಾನ," ಎಂದಳು. ಕನ್ನಡ ಮರಾಠಿ ಕಲಸಿದ ಆ ಮಾತು ಸಾವಂತರಿಗೆ ಎಷ್ಟು ತಿಳಿಯಿತೋ, ಅವರು ಕೂತರು.

ಹಾವು ಎದ್ದಿತು. ಮೊದಲ ತಲೆ ಹೋಯಿತು. ಎರಡನೆಯದರ ಹೊತ್ತಿಗೆ ಬಸಣ್ಣನ ಜೀವದ ಪಟ್ಟಿ ಒಂದು ಗೆರೆಯಷ್ಟು ಉಳಿಯಿತು. ಇನ್ನೊಂದು ಏಟು ಬಿದ್ದರೆ ಮುಗಿಯಿತು. ಮತ್ತೆ ನಡೆದುಬರಲು ಸಮಯವಿಲ್ಲ. ನನ್ನ ಹೆಬ್ಬೆರಳು ಸೀಸೆಯ ಗುಂಡಿಯ ಮೇಲಿತ್ತು, ಒತ್ತುತ್ತಿರಲಿಲ್ಲ. ಮೂಲೆಯಲ್ಲಿ ಅವು ಎಷ್ಟು ಚೆನ್ನಾಗಿ ನಿಂತಿದ್ದವು.

"ಏನ್ರಿ," ಎಂದಳು ಸರೋಜ. ದನಿ ಏರಿರಲಿಲ್ಲ, ಅದಕ್ಕೇ ನಾನು ಬೆಚ್ಚಿದೆ. "ಇನ್ನ ಯಾವಾಗ ಬೇಕಾಗೂದು?"

ನಾನು ಒತ್ತಿದೆ. ನೀಲಿ ಸೀಸೆ. ಬಸಣ್ಣನ ಮೈಯೆಲ್ಲ ಹೊಳೆಯಿತು, ಕತ್ತಿಯಿಂದ ಬೆಂಕಿ ಹಾರಿತು. ಅಯ್ಯೋ, ಇಷ್ಟು ಸುಲಭವೇ? ಮೂರು ವಾರ ಆ ಪುಣ್ಯಾತ್ಮನನ್ನು ಕುಂಟಿಸಿದ್ದೆನಲ್ಲ. ಇನ್ನೊಂದು ಸೀಸೆ. ಮತ್ತೊಂದು. ಎರಡನೆಯ ತಲೆ ಉರುಳಿತು. ಅಷ್ಟು ಹೊತ್ತಿಗೆ ಸಾವಂತರು ಕುರ್ಚಿಯ ತುದಿಗೆ ಬಂದಿದ್ದರು. ಕೆಳಗಿನಿಂದ ಎಲೆಕ್ಟ್ರಿಶಿಯನ್ ಕೂಗಿದ. ನಮ್ಮ ಸಾವಂತರು, ಗಣಪತಿಯನ್ನೂ ಕಾಯಿಸದ ಸಾವಂತರು, ಎದ್ದು ಕಿಟಕಿಯಲ್ಲಿ ತಲೆ ಹಾಕಿ, "ಥಾಂಬ್ ರೇ, ದೋನ್ ಮಿನಿಟ್," ಎಂದು ಕೂಗಿ ಅವನನ್ನು ತಡೆದರು. ತಿರುಗಿ ನನಗೆ, "ಔಷಧ್ ದ್ಯಾ ನಾ ತ್ಯಾಲಾ," ಎಂದು ಗದರಿದರು. ನಾನು ಕೊಟ್ಟೆ. ಧಾರಾಳವಾಗಿ ಕೊಟ್ಟೆ. ಜನ್ಮದಲ್ಲಿ ಮೊದಲ ಸಲ ಎತ್ತಿಟ್ಟದ್ದನ್ನು ಎರಡೂ ಕೈಯಿಂದ ಖರ್ಚು ಮಾಡಿದೆ. ಮೂರನೆಯ ತಲೆ ಬಸಣ್ಣನ ಕಾಲ ಬಳಿ ಬಂದು ಬಿತ್ತು.

ಸಂಗೀತ ಮೊಳಗಿತು. ಗವಿಯ ಗೋಡೆ ಒಡೆದು ಬೆಳಕು ಬಂತು, ಹಳ್ಳಿಯವರೆಲ್ಲ ಓಡಿ ಬಂದು ಬಸಣ್ಣನ ಸುತ್ತ ಕುಣಿದರು. ಜಪಾನಿ ಅಕ್ಷರಗಳು ಸಾಲುಸಾಲಾಗಿ ಮೇಲೇರಿದವು. ಒಂದಕ್ಷರ ತಿಳಿಯದಿದ್ದರೂ ಮೂವರೂ ಕೊನೆಯವರೆಗೆ ಓದಿದೆವು. ಸಾವಂತರು ನನ್ನ ಕೈ ಕುಲುಕಿದರು. ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆವರು ಎಂದಳು. ನನಗೆ ಎಂಥ ಹೆಮ್ಮೆ ಎಂದರೆ, ಆ ಹೊತ್ತಿನಲ್ಲಿ ಜನರಲ್ ಮ್ಯಾನೇಜರ್ ಬಂದು ನಿಂತಿದ್ದರೂ ನಾನು ಎದ್ದು ನಿಲ್ಲುತ್ತಿರಲಿಲ್ಲ.

ಆಗ ಸರೋಜಳ ಕಣ್ಣು ತೆರೆಯ ಮೂಲೆಗೆ ಹೋಯಿತು. ಅಲ್ಲಿ ಒಂದು ಸೀಸೆ ಇನ್ನೂ ನಿಂತಿತ್ತು.

"ಅದೊಂದು ಯಾಕ ಉಳದದ?"

"ಇರಲಿ ಬಿಡು, ಬೇಕಾಗುತ್ತೆ," ಎಂದೆ. ಮಾತು ಬಾಯಿಂದ ತಾನಾಗಿ ಬಂತು. ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಟೀವಿ ಕಪ್ಪಾಯಿತು, ಫ್ಯಾನು ನಿಂತಿತು, ಸೀಸೆಯೂ ಹೋಯಿತು.

ಸರೋಜ ಎದ್ದು ಶೋಕೇಸಿನ ಗಾಜು ಸರಿಸಿದಳು. ಹೂವಿನ ತಟ್ಟೆಗಳನ್ನು ತೆಗೆದು ತೊಳೆದಳು. ಹಚ್ಚಿದ ಅವಲಕ್ಕಿಯನ್ನು ಸಾವಂತರಿಗೆ ಒಂದು ತಟ್ಟೆಯಲ್ಲಿ ಕೊಟ್ಟಳು, ಕೆಳಗಿನಿಂದ ಕರೆಸಿದ ಎಲೆಕ್ಟ್ರಿಶಿಯನ್ನಿಗೆ ಒಂದು, ತನಗೊಂದು. ಇಷ್ಟು ವರ್ಷದ ಮೇಲೆ ಆ ತಟ್ಟೆಗಳು ಗಾಜಿನಿಂದ ಈಚೆ ಬಂದು ಊಟದ ಸುಖ ಕಂಡವು. ನಾನು ಗೆದ್ದವನ ಠೀವಿಯಿಂದ ಕೈ ಚಾಚಿದೆ. ನನ್ನ ಕೈಗೆ ಬಂದದ್ದು ದಿನದ ಸ್ಟೀಲ್ ತಟ್ಟೆ. ಶೋಕೇಸಿನಲ್ಲಿ ಇನ್ನೂ ಒಂದು ಹೂವಿನ ತಟ್ಟೆ ಒಂಟಿಯಾಗಿ ನಿಂತಿತ್ತು. ನಾನು ಅದನ್ನೂ ಅವಳನ್ನೂ ನೋಡಿದೆ.

"ಅದೊಂದು ಇರ್ಲಿ ಬಿಡ್ರಿ," ಎಂದಳು ಸರೋಜ, "ಬೇಕಾಗ್ತದ."