ಫೋರ್‌ಮನ್ನನ್ನು ಕಟ್ಟಿಕೊಂಡು ಡ್ಯೂಟಿ

ನಮ್ಮ ಸೋದರಮಾವನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ನೀವು ನನ್ನ ಮಾತು ನಂಬುವುದಿಲ್ಲ! ಮೂವತ್ತು ವರ್ಷ ಹರಿಹರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಬರೆದುಕೊಂಡವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಶಿಫ್ಟ್ ಹೊಂದಲಿಲ್ಲವ್ವ" ಎನ್ನುತ್ತಾರೆ. ಅವರು ನಿವೃತ್ತರಾದರು. ಅವರೊಳಗಿನ ಟೈಮ್ ಆಫೀಸು ಇನ್ನೂ ಆಗಿಲ್ಲ.

ಕಳೆದ ಬೇಸಿಗೆಯಲ್ಲಿ ಎರಡು ದಿನದ ಮಟ್ಟಿಗೆಂದು ದಾವಣಗೆರೆಗೆ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದರು. ಗೂಡ್ಸ್ ಆಟೋದಿಂದ ಮೊದಲು ಇಳಿದದ್ದು ಒಂದು ಕಂದು ನಾಯಿ, ಆಮೇಲೆ ಒಂದು ಟ್ರಂಕು, ಕೊನೆಗೆ ಮಾವ. ಎರಡು ದಿನಕ್ಕೆ ಟ್ರಂಕು ಯಾಕೆ ಎಂದು ನಾನು ಆಗಲೇ ಕೇಳಬೇಕಿತ್ತು. ಅದರ ಬದಲು ನಾಯಿಯ ಹೆಸರು ಕೇಳಿದೆ.

"ಫೋರ್‌ಮನ್," ಎಂದರು.

"ಇದೆಂಥಾ ಹೆಸರು ಮಾವ?"

"ಮೂವತ್ತು ವರ್ಷ ಫೋರ್‌ಮನ್‌ಗೆ ಹೂಂ ಸಾರ್, ಹೂಂ ಸಾರ್ ಅಂದೀನಿ. ಈಗ ನೋಡು. ಏಯ್ ಫೋರ್‌ಮನ್, ಮೂಲ್ಯಾಗ ಬಿದ್ಕ!"

ನಾಯಿ ಮೂಲೆಗೆ ಹೋಗಿ ಮಲಗಿತು. ಮಾವನ ಮುಖ ನೋಡಬೇಕಿತ್ತು, ಊರಿಗೇ ಹೋಳಿಗೆ ಊಟ ಹಾಕಿಸಿದವರ ಹಾಗೆ ಬೀಗುತ್ತಿದ್ದರು.

ನಾನು ಮನೆಯಿಂದಲೇ ಕೆಲಸ ಮಾಡುವವಳು. ಒಂದು ಆರೋಗ್ಯ ವಿಮೆ ಕಂಪನಿಯ ಗ್ರಾಹಕರು ಫೋನ್ ಮಾಡಿದರೆ, ಹಿಂದಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಉತ್ತರ ಹೇಳುವುದು ನನ್ನ ಉದ್ಯೋಗ. ನಮ್ಮ ಮನೆಯವರು ಮಲೆಬೆನ್ನೂರಿನಲ್ಲಿ ಮೇಷ್ಟ್ರು, ಬೆಳಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಹೀಗಾಗಿ ಹಗಲೆಲ್ಲ ಮನೆಯಲ್ಲಿ ನಾನು, ಮಾವ ಮತ್ತು ಫೋರ್‌ಮನ್. ಇದರಲ್ಲಿ ಯಾರು ಯಾರ ಕೈಕೆಳಗೆ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮಾರನೆಯ ದಿನವೇ ತಕರಾರು ಶುರುವಾಯಿತು.

"ಅಲ್ಲವ್ವ, ಗೇಟು ದಾಟದಂಗೆ ಡ್ಯೂಟಿ ಹೆಂಗಾಗ್ತೈತೆ?"

"ಮಾವ, ಲ್ಯಾಪ್‌ಟಾಪ್ ತೆಗೆದ್ರೆ ಡ್ಯೂಟಿ ಶುರು ಆದಂಗೆ."

"ಅದು ಪೆಟ್ಗೆ. ಪೆಟ್ಗೆ ಯಾರ್ ಬೇಕಾದ್ರೂ ತೆಗೀತಾರೆ."

ಹಿರಿಯರ ಜೊತೆ ವಾದ ಯಾಕೆಂದು ಒಂದು ದಿನ ಒಪ್ಪಿಕೊಂಡೆ. ಅಷ್ಟೇ, ಪದ್ಧತಿಯಾಗಿಬಿಟ್ಟಿತು! ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ನಾನು ಚಪ್ಪಲಿ ಮೆಟ್ಟಿ, ಊಟದ ಡಬ್ಬಿ ಹಿಡಿದು, ನಮ್ಮ ಮನೆಯಿಂದ ಹೊರಬಿದ್ದು, ಬೀದಿ ತುದಿಯ ಲೈಟುಕಂಬದವರೆಗೆ ನಡೆದು, ತಿರುಗಿ ನಮ್ಮ ಮನೆಗೇ ಬರಬೇಕು. ಗೇಟಿನಲ್ಲಿ ಮಾವ ಗಡಿಯಾರ ನೋಡಿ ತಲೆಯಾಡಿಸಿದ ಮೇಲೆ ಪ್ರವೇಶ. ಎದುರುಮನೆಯಾಕೆ ಒಂದು ದಿನ ಕೇಳಿದರು.

"ಎಲ್ಲಿಗೆ ಹೊಂಟ್ರಿ?"

"ಡ್ಯೂಟಿಗ್ರಿ."

"ಬರೋದು ಯಾವಾಗ?"

"ಬಂದೇಬಿಟ್ಟೆ ನೋಡ್ರಿ."

ಪಾಪ, ಅಂದಿನಿಂದ ಆಕೆ ನನ್ನನ್ನು ಕಂಡರೆ ನಕ್ಕು ಸುಮ್ಮನಾಗುತ್ತಾರೆ. ನಾಯಿಗೋ ಇನ್ನೂ ಗೊಂದಲ. ನಾಲ್ಕು ನಿಮಿಷದ ಹಿಂದೆ ತಾನೇ ಬಾಲ ಆಡಿಸಿ ಕಳಿಸಿಕೊಟ್ಟವಳು ಅಷ್ಟರಲ್ಲೇ ಎದುರು ನಿಂತರೆ ಅದಾದರೂ ಏನು ಮಾಡೀತು? ಎಷ್ಟೋ ವರ್ಷಕ್ಕೆ ತವರಿಗೆ ಬಂದವಳೆಂಬಂತೆ ಮೈಮೇಲೆ ಹಾರಿ, ಇಸ್ತ್ರಿ ಮಾಡಿದ ಕುರ್ತಾದ ಮೇಲೆ ಹಾಜರಿ ಹಾಕುತ್ತಿತ್ತು!

ಇನ್ನು ನೀರು ಕುಡಿಯಲು ಅಡುಗೆಮನೆಗೆ ಹೋಗಬೇಕೆಂದರೆ ಮಾವನಿಂದ ಔಟ್ ಪಾಸ್, ಅಂದರೆ ಹೊರಹೋಗುವ ಚೀಟಿ, ಬೇಕು. ಮಾವ ಕೋಣೆಯ ಹೊರಗೆ ಕುರ್ಚಿ ಹಾಕಿಕೊಂಡು, ಒಗ್ಗರಣೆ ಮಂಡಕ್ಕಿಯನ್ನು ತಾವೊಂದು ಮುಕ್ಕು, ಫೋರ್‌ಮನ್‌ಗೊಂದು ಮುಕ್ಕು ಹಾಕುತ್ತ ಕೂತಿರುತ್ತಿದ್ದರು.

ಒಂದು ದಿನ ಒಬ್ಬ ಗ್ರಾಹಕರು ಕಿರುಚಾಡುತ್ತಿದ್ದರು. "ನಿನ್ನ ಕೈಲಿ ಏನೂ ಆಗಲ್ಲ, ಮೇಲಿನವರಿಗೆ ಕೊಡು ಫೋನು!" ನಾನು ಕ್ಷಮೆ ಕೇಳುತ್ತಿದ್ದಂತೆ ಹೊರಗೆ ನಾಯಿ ಬೊಗಳಿತು. ಹಿಂದೆಯೇ ಮಾವನ ಗುಡುಗು: "ಏಯ್ ಫೋರ್‌ಮನ್, ಬಾಯ್ ಮುಚ್ಚು!" ಗ್ರಾಹಕರ ದನಿ ಇಳಿಯಿತು. "ಮೇಡಂ, ನಿಮ್ಮಲ್ಲಿ ಫೋರ್‌ಮನ್‌ಗೇ ಹಿಂಗಂತಾರಾ?" ಎಂದು ಮೆತ್ತಗೆ ಕೇಳಿ, ಬೇಕಾದ ಕಾಗದಗಳನ್ನೆಲ್ಲ ನಾಳೆಯೇ ಕಳಿಸುವುದಾಗಿ ಹೇಳಿ ಇಟ್ಟುಬಿಟ್ಟರು!

ನಗಬೇಡಿ. ನಮ್ಮ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಹುಬ್ಬಳ್ಳಿಯ ಸೂಪರ್‌ವೈಸರ್‌ರಿಂದ ಸಂದೇಶ ಬಂತು. ಮೂರು ಕರೆಗಳಲ್ಲಿ ನಾಯಿ ಬೊಗಳಿದೆ. ಇನ್ನೊಮ್ಮೆ ಬೊಗಳಿದರೆ ನಾನು ಹುಬ್ಬಳ್ಳಿ ಆಫೀಸಿನಲ್ಲೇ ಬಂದು ಕೂರಬೇಕು. ದಿನಾ ಹುಬ್ಬಳ್ಳಿಗೆ ಹೋಗಿಬರುವುದು ಆಗುವ ಮಾತೇ? ಕೆಲಸ ಬಿಡಬೇಕು, ಇಲ್ಲವೇ ನಾಯಿಯನ್ನು ಹರಿಹರಕ್ಕೆ ಕಳಿಸಬೇಕು. ನಾಯಿ ಹೋದರೆ ಮಾವನೂ ಹೊರಡುತ್ತಾರೆ. ಗೇಟು ದಾಟುವುದು ತಪ್ಪಿತಲ್ಲ ಎಂದು ಖುಷಿಪಡಬೇಕಾದವಳು ಮಾವನ ಟ್ರಂಕನ್ನು ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳಿದೆ.

ಪತ್ತೇದಾರಿಕೆಗೆ ಇಳಿದೆ. ಸೊಪ್ಪು ಮಾರುವವಳಿಗೆ ನಮ್ಮ ಮನೆ ಮುಂದೆ ಕೂಗಬೇಡ ಎಂದೆ. ಪಕ್ಕದ ಮನೆ ಬೆಕ್ಕಿನ ಮೇಲೆ ಕಣ್ಣಿಟ್ಟೆ. ಕಿಟಕಿ ಮುಚ್ಚಿದೆ. ಆದರೆ ಈ ಪುಣ್ಯಾತ್ಮ ಫೋರ್‌ಮನ್, ಬೆಕ್ಕು ಎದುರಿಗೇ ಹೋದರೂ ಮಂಡಕ್ಕಿಯಿಂದ ತಲೆ ಎತ್ತುತ್ತಿರಲಿಲ್ಲ. ಆ ಮೂರು ಸಲವೂ ಬೊಗಳಿದ್ದು ಬೀದಿಯಲ್ಲಿ ನರಪಿಳ್ಳೆ ಇಲ್ಲದಾಗಲೇ! ಯಾಕೆ ಬೊಗಳುತ್ತದೆಂದು ತಿಳಿಯದೆ ನಿಲ್ಲಿಸುವುದಾದರೂ ಹೇಗೆ?

ಕೊನೆಗೆ ಹುಬ್ಬಳ್ಳಿಯವರಿಂದ ವಿಡಿಯೋದಲ್ಲಿ ವಿಚಾರಣೆ. "ಆರೋಪಿನೂ ಹಾಜರಿರ್ಬೇಕು" ಎಂದು ಮಾವ ಫೋರ್‌ಮನ್ನನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಸೂಪರ್‌ವೈಸರ್, ಚಿಕ್ಕ ವಯಸ್ಸಿನ ಹುಡುಗಿ, ಮೂರೂ ರೆಕಾರ್ಡ್ ಹಾಕಿದಳು.

ಮೊದಲನೆಯದರಲ್ಲಿ ಯಾರೋ, "ಓದು ಬರಹ ಬರುತ್ತೋ ಇಲ್ವೋ ನಿನಗೆ?" ಎಂದರು. ನಾನು "ಕ್ಷಮಿಸಿ ಸರ್" ಎಂದೆ. ನಾಯಿ ಬೊಗಳಿತು. ಎರಡನೆಯದು ಫೋರ್‌ಮನ್‌ಗೆ ಬೈದದ್ದು ಕೇಳಿ ಹೆದರಿದ ಮಹಾಶಯರದೇ. "ಕ್ಷಮಿಸಿ ಸರ್." ಬೊಗಳಿತು. ಮೂರನೆಯವರು ಅಂದದ್ದನ್ನು ಇಲ್ಲಿ ಬರೆಯಲಾರೆ. "ಕ್ಷಮಿಸಿ" ಎಂದೆ, ಬೊಗಳಿತು. ದಿನಾ ಹೇಳುವ ಮಾತೇ ಅದು. ಆದರೆ ಆ ಮೂರು ಕಡೆ ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಇಂಗಿಹೋಗಿತ್ತು. ಬೈದದ್ದನ್ನು ನಾನು ಅವತ್ತೇ ಮರೆತಿದ್ದೆ ಎಂದುಕೊಂಡಿದ್ದೆ. ಮರೆತಿರಲಿಲ್ಲ.

ಮಾವ ಪರದೆಯ ಮುಂದೆ ಬಂದು ಬಗ್ಗಿದರು.

"ಅವ್ವ, ತಪ್ಪು ನಾಯಿದಲ್ಲ, ನಂದು ಅಂತ ಬರ್ಕ. ಬಾಗ್ಲಾಗೇ ಕುಂತಿರ್ತೀನಿ ನಾನು. ಒಳಗೆ ಈಕಿ ಆರಾಮ್ ಅದಾಳೆ ಅನ್ಕಂಡಿದ್ದೆ. ಹಿಂಗ್ ಬೈಸ್ಕಂತಾಳೆ ಅಂತ ಗೊತ್ತಾಗಿದ್ದು ನಾಯಿಗೆ. ನಂಗ್ ಗೊತ್ತಾಗ್ಲಿಲ್ಲ."

ಆ ಹುಡುಗಿ ರೆಕಾರ್ಡ್ ಮುಚ್ಚಿದಳು. "ಇದೊಂದ್ ಸಲ ಬಿಡ್ತೀನ್ರಿ ಅಜ್ಜಾರ. ಇನ್ನೊಮ್ಮೆ ಕೇಳಿಸಿದ್ರ ನನ್ ಕೈಯಾಗೂ ಏನಿಲ್ಲ," ಎಂದಳು.

ಮರುದಿನ ಮಾವ ಕುರ್ಚಿಯನ್ನು ಕೋಣೆಯ ಒಳಗೇ ಹಾಕಿಕೊಂಡರು. ಫೋರ್‌ಮನ್ ಅವರ ಕಾಲ ಬಳಿ ಮಲಗಿತು. ಹನ್ನೊಂದರ ಹೊತ್ತಿಗೆ ಒಬ್ಬ ಗ್ರಾಹಕರು ಬೈಯಲು ಶುರು ಹಚ್ಚಿದರು, ಏಕವಚನದಲ್ಲೇ. ನಾನು "ಕ್ಷ..." ಎನ್ನುವಷ್ಟರಲ್ಲಿ ನಾಯಿ ಎದ್ದು ಕೂತಿತು. ಮಾವ ಒಂದು ಕೈಯಲ್ಲಿ ಅದರ ಮೂತಿಯನ್ನು ಮೆಲ್ಲಗೆ ಹಿಡಿದರು. ಇನ್ನೊಂದು ಕೈ ಬಂದು ನನ್ನ ತಲೆಯ ಮೇಲೆ ಕೂತಿತು, ಹೆಡ್‌ಫೋನ್ ಸಮೇತ. ಅಮ್ಮ ಹೋದ ಮೇಲೆ ನನ್ನ ತಲೆ ಮುಟ್ಟಿದವರಿರಲಿಲ್ಲ. ಕಣ್ಣು ತುಂಬಿತು, ಪರದೆ ಕಾಣಲಿಲ್ಲ.

"ಸರ್, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ಸಮಾಧಾನವಾಗಿ ಹೇಳಿ, ಕೇಳ್ತೀನಿ," ಎಂದೆ. ದನಿ ನನ್ನದೇ ಆಗಿತ್ತು. ನಾಯಿ ಬೊಗಳಲಿಲ್ಲ.