ಸೂರ್ಯ ಕಂಡರೆ ಕಾಫಿ

ಎಲ್ಲದಕ್ಕೂ ಕಾರಣ ಹೆಸರುಕಾಳಿನಷ್ಟು ಒಂದು ಕಲ್ಲು. ಅದು ಅಶ್ವತ್ಥನಾರಾಯಣನ ಎಡ ಕಿಡ್ನಿಯಲ್ಲಿ ಹುಟ್ಟಿ, ಎರಡು ವಾರ ಅವನನ್ನು ಕಡಲಾಚೆಯ ಇಸ್ಸಾಕ್ವಾ ಎಂಬ ಊರಿನ ಮನೆಯ ಕಾರ್ಪೆಟ್ ಮೇಲೆ ಉರುಳಾಡಿಸಿ, ಅಕ್ಟೋಬರ್ ಕೊನೆಯ ಒಂದು ಬೆಳಗ್ಗೆ ತಾನಾಗಿಯೇ ಹೊರಟುಹೋಯಿತು. ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಗ ನರಳುತ್ತಿರುವಾಗ ಮೈಸೂರಿನಲ್ಲಿ ಸುಮ್ಮನೆ ಕೈಕಟ್ಟಿ ಕೂರುವವರಲ್ಲ ಅವನ ತಾಯಿ ಕಮಲಾಕ್ಷಮ್ಮ. ಅವನ ಹೆಸರಿನಲ್ಲಿ ಒಂದು ಹರಕೆ ಹೊತ್ತುಬಿಟ್ಟಿದ್ದರು.

"ಕಲ್ಲು ಬಿದ್ದುಹೋದ್ರೆ ನನ್ನ ಮಗ ಉಪವಾಸ ಇದ್ದು, ಬೆಟ್ಟದ ತುದಿ ಹತ್ತಿ, ಹುಟ್ಟೋ ಸೂರ್ಯನ್ನ ನೋಡಿ ಅರ್ಘ್ಯ ಕೊಡ್ತಾನೆ ಅಂತ ಹೇಳ್ಕೊಂಡಿದೀನಿ ಕಣೋ," ಎಂದರು ಫೋನಿನಲ್ಲಿ. "ಅಲ್ಲೀತನಕ ನಾನು ಕಾಫಿ ಮುಟ್ಟಲ್ಲ."

"ಅಮ್ಮಾ, ಹತ್ತಬೇಕಾದವನು ನಾನು. ಹರಕೆ ಹೊರೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಕೇಳಿದ್ರೆ ಬೆಟ್ಟ ಯಾಕೆ, ಬಾಲ್ಕನಿ ಸಾಕು ಅಂತಿದ್ದೆ."

ಅದು ನಿಜವೇ. ಅಶ್ವತ್ಥ ಮನೆಯಿಂದ ಕಾರಿಗೆ, ಕಾರಿನಿಂದ ಬೆಲ್ವ್ಯೂದ ಆಫೀಸಿನ ಲಿಫ್ಟಿಗೆ ನಡೆಯುವುದನ್ನೇ ದಿನದ ವ್ಯಾಯಾಮವೆಂದು ಲೆಕ್ಕ ಹಾಕುತ್ತಿದ್ದ ಮನುಷ್ಯ.

ಬೆಟ್ಟವೇನೋ ಮನೆಯ ಹಿಂದೆಯೇ ಇತ್ತು. ಇಲ್ಲದ್ದು ಸೂರ್ಯ. ಆ ಸೀಮೆಯಲ್ಲಿ ನವೆಂಬರ್ ಬಂತೆಂದರೆ ಸೂರ್ಯ ರಜೆ ಚೀಟಿ ಕೊಡದೆ ಊರಿಗೆ ಹೋದ ಗುಮಾಸ್ತನ ಹಾಗೆ, ವಾಪಸು ಯಾವತ್ತು ಬರುತ್ತಾನೆಂದು ಯಾರಿಗೂ ಗೊತ್ತಿರುವುದಿಲ್ಲ. ಅಶ್ವತ್ಥ ಪ್ರತಿದಿನ ಎದ್ದು ಕಿಟಕಿಯ ಪರದೆ ಸರಿಸುವುದು, ಹೊರಗೆ ನೆನೆಸಿಟ್ಟ ಗೋಣಿಚೀಲದಂಥ ಆಕಾಶವನ್ನು ನೋಡಿ ಪರದೆ ಎಳೆಯುವುದು, ಹೀಗೇ ದಿನಗಳು ಕಳೆದವು. ಇತ್ತ ಮೈಸೂರಿನಿಂದ ತಮ್ಮ ರಮೇಶನ ಫೋನುಗಳು ಶುರುವಾದವು.

"ಅಣ್ಣಾ, ಅಮ್ಮ ಕಾಫಿ ಬಿಟ್ಟು ಇವತ್ತಿಗೆ ಹದಿನಾರು ದಿನ. ಹಾಲಿನವನು ಪ್ಯಾಕೆಟ್ಟನ್ನ ಕಾಂಪೌಂಡ್ ಆಚೆಯಿಂದಲೇ ಎಸೆದು ಓಡ್ತಾನೆ. ನಿನ್ನೆ ಕುಕ್ಕರ್ ಕೂಗಿದ್ದಕ್ಕೆ, ಯಾಕೆ ಹಾಗೆ ಕಿರುಚ್ಕೋತೀಯ ಅಂತ ಕುಕ್ಕರಿಗೇ ಬೈದ್ರು."

"ಬೈಕೊಳ್ಳಲಿ ಬಿಡೋ."

"ಬೈದು ಮುಗಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮೂಲೇಲಿ ಕೂತ್ಕೋತಾರೆ ಕಣೋ. ಕಣ್ಣಲ್ಲಿ ನೀರು. ನೋಡಕ್ಕಾಗಲ್ಲ."

ಅಶ್ವತ್ಥ ಫೋನಿಟ್ಟು ಅಮ್ಮನನ್ನು ನೆನೆದ. ಹನ್ನೆರಡನೇ ವಯಸ್ಸಿನಿಂದ ಬೆಳಗ್ಗೆ ಡಿಕಾಕ್ಷನ್ ಇಳಿಯುವ ಸದ್ದಿಗೇ ಎದ್ದು ಬಂದ ಜೀವ ಅದು. ತನ್ನ ಒಂದು ಕಲ್ಲಿಗಾಗಿ ಆ ಲೋಟವನ್ನು ಕವುಚಿಟ್ಟಿದ್ದಾರೆ. ಇನ್ನು ತಡಮಾಡಬಾರದು ಎಂದುಕೊಂಡ.

ಪಕ್ಕದ ಮನೆಯ ವಿಲ್ಫ್ರೆಡ್‌ನ ಕಿವಿಗೆ ಈ ಸಂಗತಿ ಬಿದ್ದದ್ದೇ ತಡ, ಬೇಲಿಯ ಮೇಲಿಂದಲೇ ಹಾರಿ ಬಂದ. ಮಂಗಳೂರಿನ ವಿಲ್ಫ್ರೆಡ್‌ಗೆ ಶನಿವಾರ, ಭಾನುವಾರ ಯಾವುದಾದರೂ ಗುಡ್ಡ ಹತ್ತದಿದ್ದರೆ ಕಾಲು ತುರಿಸುತ್ತದೆ.

"ಇಲ್ಲಿ ಕೂತ್ರೆ ಜೂನ್‌ವರೆಗೆ ಸೂರ್ಯ ಇಲ್ಲ ಮಾರಾಯ್ರೆ. ಸ್ನೊಕ್ವಾಲ್ಮಿ ಘಾಟಿ ದಾಟಿ ಆಚೆ ಹೋಗ್ಬೇಕು. ಕೊಲಂಬಿಯಾ ನದಿ ಹತ್ರ ಪೂರಾ ಮರುಭೂಮಿ ಉಂಟು, ಮೋಡವೇ ಇಲ್ಲ. ನಂಗೊಂದು ಗುಡ್ಡ ಗೊತ್ತುಂಟು. ಸಣ್ಣದು, ಹೆಚ್ಚಂದ್ರೆ ಅರ್ಧ ಗಂಟೆ."

ಆಫೀಸಿನಲ್ಲಿ ಪಕ್ಕದ ಕುರ್ಚಿಯ ಚಕ್ರಪಾಣಿಯೂ ತಾನು ಬಂದೇ ಬರುತ್ತೇನೆಂದ. ಚಕ್ರಪಾಣಿಗೆ ಗೊತ್ತಿಲ್ಲದ ಶಾಸ್ತ್ರವಿರಲಿಲ್ಲ. ಅವನು ಹೇಳುವುದರಲ್ಲಿ ಎಷ್ಟು ಗ್ರಂಥದ್ದು, ಎಷ್ಟು ಆಗತಾನೇ ಹೊಳೆದದ್ದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಶನಿವಾರ ರಾತ್ರಿಯಿಂದ ಏನೂ ತಿನ್ನಬಾರದು. ನಿಮ್ಮದು ಕಲ್ಲಿನ ಕೇಸು, ನೀರು ಪರವಾಗಿಲ್ಲ. ತಾಮ್ರದ ಚೊಂಬು ಕಡ್ಡಾಯ. ಆಮೇಲೆ ಪಂಚೆ ಉಟ್ಕೋಬೇಕು ಕಣ್ರೀ."

"ಮರುಭೂಮಿಲಿ ಪಂಚೇನಾ? ಚಳಿ ಇರಲ್ವಾ?"

"ಮರುಭೂಮಿ ಅಂದಮೇಲೆ ಚಳಿ ಎಲ್ಲಿಂದ ಬರುತ್ತೆ?"

ಅಶ್ವತ್ಥ ರಮೇಶನಿಗೆ ಮೆಸೇಜು ಹಾಕಿದ: ಭಾನುವಾರ ಬೆಳಗ್ಗೆ ಸೂರ್ಯದರ್ಶನ, ಅಮ್ಮನಿಗೆ ಹೇಳು. ರಮೇಶ ಹತ್ತು ಕೈಮುಗಿದ ಚಿತ್ರಗಳನ್ನು ಕಳಿಸಿದ.

ಭಾನುವಾರ ಬೆಳಗಿನ ಜಾವ ಮೂರಕ್ಕೆ ವಿಲ್ಫ್ರೆಡ್‌ನ ಪಿಕಪ್ ಗಾಡಿ ಹೊರಟಿತು. ಹಿಂದಿನ ತೆರೆದ ಸಾಮಾನು ತೊಟ್ಟಿಯಲ್ಲಿ, ನೀರು ತುಂಬಿ ಬಾಯಿಗೆ ಬಟ್ಟೆ ಕಟ್ಟಿದ ಚೊಂಬು, ಮುಂದೆ ಮೂವರು. ಘಾಟಿ ಹತ್ತುವಾಗ ಮಳೆ ಹಿಮವಾಯಿತು. ಇಳಿಯುವಾಗ ಹಿಮ ನಿಂತಿತು. ಎಲೆನ್ಸ್‌ಬರ್ಗ್ ದಾಟುವಷ್ಟರಲ್ಲಿ ಆಕಾಶದ ತುಂಬ ನಕ್ಷತ್ರ. ಮೂರು ವಾರದ ಮೇಲೆ ನಕ್ಷತ್ರ ಕಂಡ ಸಂತೋಷಕ್ಕೆ ಅಶ್ವತ್ಥನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಚಕ್ರಪಾಣಿ ಪೊಟ್ಟಣ ಬಿಚ್ಚಿದ. ಗಾಡಿಯ ತುಂಬ ಪುಳಿಯೋಗರೆಯ ಪರಿಮಳ.

"ರೀ, ನಾನು ಉಪವಾಸ," ಎಂದ ಅಶ್ವತ್ಥ.

"ನೀವು ತಾನೇ? ಹರಕೆ ನಿಮ್ಮದು, ಹಸಿವು ನಂದು," ಎಂದು ಚಕ್ರಪಾಣಿ ಕಡಲೇಬೀಜ ಅಗಿದ.

ಐದು ಗಂಟೆಗೆ ಗುಡ್ಡದ ಬುಡದಲ್ಲಿ ಬಾಗಿಲು ತೆಗೆದರು. ಗಾಳಿ ಕೆನ್ನೆಗೆ ಹೊಡೆದ ಹಾಗೆ ಬಂದು ಅಪ್ಪಳಿಸಿತು. ಮರುಭೂಮಿ ಎಂದರೆ ಒಂಟೆ, ಬಿಸಿ ಮರಳು ಎಂದು ತಿಳಿದಿದ್ದ ಚಕ್ರಪಾಣಿ ಒಂದು ತೆಳು ಸ್ವೆಟರು ಹಾಕಿಕೊಂಡು ಬಂದಿದ್ದ. ಗಾಡಿಯ ಗಡಿಯಾರದ ಪಕ್ಕ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ ಎಂದು ತೋರಿಸುತ್ತಿತ್ತು. ಅಶ್ವತ್ಥ ದಪ್ಪ ಪ್ಯಾಂಟಿನ ಮೇಲೆ ಪಂಚೆ ಸುತ್ತಿ, ಅದರ ಮೇಲೆ ಬೆಲ್ಟು ಬಿಗಿದು, ತಲೆಗೆ ಉಣ್ಣೆ ಟೋಪಿ ಹಾಕಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಚೊಂಬು ಹಿಡಿದು ನಿಂತ. ಆ ವೇಷದಲ್ಲಿ ಅವನನ್ನು ಹೆತ್ತ ತಾಯಿಯೂ ಗುರುತಿಸುತ್ತಿರಲಿಲ್ಲ.

ವಿಲ್ಫ್ರೆಡ್ ಮೇಕೆಯ ಹಾಗೆ ಮುಂದೆ ಹೋದ. ಮರವಿಲ್ಲ, ಮನೆಯಿಲ್ಲ. ಮೊಣಕಾಲೆತ್ತರದ ಬೂದು ಬಣ್ಣದ ಕುರುಚಲು, ಕಪ್ಪು ಕಲ್ಲು, ಅಷ್ಟೇ. ಅರ್ಧ ಗಂಟೆಯಾಯಿತು.

"ವಿಲ್ಫ್ರೆಡ್, ತುದಿ ಎಲ್ರೀ?"

"ಇಲ್ಲೇ, ಈ ಏರು ಮುಗಿದ್ರೆ ಆಯ್ತು."

ಆ ಏರು ಮುಗಿಯಿತು. ಅದರ ಹಿಂದೆ ಇನ್ನೊಂದು ಕಾದುಕೊಂಡಿತ್ತು. ವಿಲ್ಫ್ರೆಡ್‌ನ ಅರ್ಧ ಗಂಟೆ ರಬ್ಬರಿನದು ಎಂಬುದು ಅಶ್ವತ್ಥನಿಗೆ ಅರ್ಥವಾಗುವ ಹೊತ್ತಿಗೆ ಹಿಂದಕ್ಕೆ ಹೋಗುವುದೂ ಅಷ್ಟೇ ದೂರವಾಗಿತ್ತು. ಅಷ್ಟರಲ್ಲಿ ಕತ್ತಲಿನಿಂದ ಆನೆಮರಿಯಷ್ಟು ದೊಡ್ಡದೊಂದು ಉರುಟು ಆಕಾರ ಸರಸರ ಸದ್ದು ಮಾಡುತ್ತ ಅವನ ಮೇಲೆ ನುಗ್ಗಿ ಬಂತು.

"ಅಯ್ಯೋ! ಕರಡಿ!"

ಅಶ್ವತ್ಥ ಎಡಕ್ಕೆ ಓಡಿದ. ಅದೂ ಎಡಕ್ಕೆ ಬಂತು. ಬಲಕ್ಕೆ ಹೊರಳಿದ. ಅದೂ ಹೊರಳಿ ಬಂದು ಪಂಚೆಗೆ ಅಂಟಿಕೊಂಡಿತು. ವಿಲ್ಫ್ರೆಡ್ ಓಡಿ ಬಂದು ಟಾರ್ಚು ಬಿಟ್ಟು ನೋಡಿದರೆ, ಬೇರು ಕಿತ್ತು ಗಾಳಿಗೆ ಉರುಳಿ ಬಂದ ಒಣಗಿಡ.

"ಇದು ಎಂತ ಮಾಡುದಿಲ್ಲ ಮಾರಾಯ್ರೆ. ಬರೀ ಕಸ."

ಕಸವನ್ನು ಪಂಚೆಯಿಂದ ಬಿಡಿಸುವುದಕ್ಕೆ ಹತ್ತು ನಿಮಿಷ ಹಿಡಿಯಿತು. ಪಂಚೆಯ ಅರ್ಧ ಭಾಗ ಗಿಡದ ಜೊತೆಗೇ ಪ್ರಯಾಣ ಮುಂದುವರಿಸಿತು.

ಆರೂಮುಕ್ಕಾಲಿಗೆ ಮೂವರೂ ತುದಿ ಮುಟ್ಟಿದರು. ಅಶ್ವತ್ಥನ ಎರಡೂ ಕಾಲು ಯಾರದೋ ಕಾಲಿನಂತಾಗಿದ್ದವು. ಪೂರ್ವದಲ್ಲಿ ಆಕಾಶ ಕೆಂಪಾಗತೊಡಗಿತ್ತು. ಚಕ್ರಪಾಣಿ ಹಲ್ಲು ಕಟಕಟಿಸುತ್ತಲೇ ಪುರೋಹಿತನಾದ.

"ಪೂರ್ವಕ್ಕೆ ಮುಖ ಮಾಡಿ. ಚೊಂಬು ಎದೆಯ ಮಟ್ಟಕ್ಕೆ. ಸೂರ್ಯನ ಅಂಚು ಕಂಡ ಕೂಡ್ಲೇ ನೀರು ಬಿಡಬೇಕು, ಒಂದು ಕ್ಷಣ ತಡ ಆಗಬಾರದು."

ಅಶ್ವತ್ಥ ಚೊಂಬಿನ ಬಟ್ಟೆ ಬಿಚ್ಚಿ ಬಗ್ಗಿಸಿ ನೋಡಿದ. ನೀರು ಬರಲಿಲ್ಲ. ತಲೆಕೆಳಗು ಮಾಡಿದ. ಆಗಲೂ ಇಲ್ಲ. ಗಾಡಿಯ ತೆರೆದ ತೊಟ್ಟಿಯಲ್ಲಿ ಎರಡು ಗಂಟೆ ಗಾಳಿ ತಿಂದ ನೀರು ಕಲ್ಲಾಗಿ ಕೂತಿತ್ತು.

"ಕಿಡ್ನಿಯದ್ದು ಹೋಯ್ತು ಅಂದ್ರೆ ಚೊಂಬಿನದು ಬಂತಲ್ಲ ಮಾರಾಯ್ರೆ!" ಎಂದ ವಿಲ್ಫ್ರೆಡ್.

"ಕುಡಿಯೋ ನೀರು ಇಲ್ವೇನ್ರೀ?"

"ನೀವೇ ಕುಡಿದು ಮುಗಿಸಿದ್ರಲ್ಲ, ಡಾಕ್ಟರ್ ಹೇಳಿದ್ದು ಅಂತ."

"ಅಂಗಿ ಒಳಗಿಟ್ಕೊಳ್ಳಿ! ಮೈ ಶಾಖಕ್ಕೆ ಕರಗುತ್ತೆ!" ಎಂದು ಚಕ್ರಪಾಣಿ ಕೂಗಿದ.

ಬೇರೆ ದಾರಿಯಿರಲಿಲ್ಲ. ಅಶ್ವತ್ಥ ಅಂಗಿ ಎತ್ತಿ ಚೊಂಬನ್ನು ಬರಿಹೊಟ್ಟೆಗೆ ಒತ್ತಿಕೊಂಡ. ಅವನು ಹಾಕಿದ ಕೂಗಿಗೆ ಕುರುಚಲಿನಿಂದ ಎರಡು ಹಕ್ಕಿಗಳು ಎದ್ದು ಹಾರಿಹೋದವು. ಒಂದು ಕಾಲು, ಇನ್ನೊಂದು ಕಾಲು ಎಂದು ಕುಣಿಯುತ್ತ, ಚೊಂಬನ್ನು ಹೊಟ್ಟೆಯ ಎಡಗಡೆಯಿಂದ ಬಲಗಡೆಗೆ ಸಾಗಿಸುತ್ತ, ಕಣ್ಣು ಮಾತ್ರ ಪೂರ್ವದಿಂದ ಕೀಳದೆ ನಿಂತ. ಆಗ ದೂರದ ಬೆಟ್ಟದ ಅಂಚಿನಲ್ಲಿ ಒಂದು ಕೆಂಡ ಹೊತ್ತಿಕೊಂಡಿತು.

"ಬಿಡಿ! ಬಿಡ್ರೀ ಅರ್ಘ್ಯ!"

ಚೊಂಬನ್ನು ಹೊರಕ್ಕೆಳೆದು ಬಗ್ಗಿಸಿದ. ಅಂಚಿನಲ್ಲಿ ಕರಗಿದ್ದ ಒಂದು ಬೊಗಸೆ ನೀರು ಬಿಸಿಲಿಗೆ ಮಿನುಗುತ್ತ ಸುರಿಯಿತು. ಅದರ ಹಿಂದೆಯೇ ಉಳಿದ ಮಂಜುಗಡ್ಡೆ ಜಾರಿ ಚಕ್ರಪಾಣಿಯ ಕಾಲ ಹೆಬ್ಬೆರಳ ಮೇಲೆ ಬಿತ್ತು. ಚಕ್ರಪಾಣಿ ಹೇಳುತ್ತಿದ್ದ ಮಂತ್ರ ಅರ್ಧಕ್ಕೇ ನಿಂತು ಬೇರೆ ಮಾತುಗಳಾಯಿತು. ಆದರೆ ಅಶ್ವತ್ಥನಿಗೆ ಯಾವುದೂ ಕೇಳಿಸಲಿಲ್ಲ. ನದಿ, ಬೋಳುಗುಡ್ಡಗಳು, ಕೊನೆಯಿಲ್ಲದ ಬೂದು ಕುರುಚಲು, ಎಲ್ಲಕ್ಕೂ ಒಮ್ಮೆಗೇ ಬಂಗಾರದ ನೀರು ಹೊಯ್ದ ಹಾಗಾಗಿತ್ತು. ಮುಖಕ್ಕೆ ಬಿಸಿಲು ತಾಗಿತು. ಅಮ್ಮನ ಮೇಲಿದ್ದ ಸಿಟ್ಟೆಲ್ಲ ಕರಗಿಹೋಯಿತು. ತಾನಾಗಿ ಈ ಜನ್ಮದಲ್ಲಿ ಇಂಥದ್ದನ್ನು ನೋಡಲು ಬರುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೈಮುಗಿದು ಸ್ವಲ್ಪ ಹೊತ್ತು ಅತ್ತ.

ತುದಿಯಲ್ಲಿ ಫೋನಿನ ಗೋಪುರವಿದ್ದದ್ದರಿಂದ ಸಿಗ್ನಲ್ ಚೆನ್ನಾಗಿತ್ತು. ಅಮ್ಮ ಈಗಲೇ ಕಾಫಿ ಕುಡಿಯಲಿ, ತಾನು ಕಣ್ಣಾರೆ ನೋಡಬೇಕು ಎಂದು ವಿಡಿಯೋ ಕಾಲ್ ಮಾಡಿದ. ಮೈಸೂರಿನಲ್ಲಿ ರಾತ್ರಿ ಎಂಟೂಮುಕ್ಕಾಲು. ಕಮಲಾಕ್ಷಮ್ಮನ ಮುಖ ಅರಳಿದ ಸೇವಂತಿಗೆಯಂತೆ ಕಾಣಿಸಿತು.

"ಅಮ್ಮಾ, ಆಯ್ತು! ಕಣ್ತುಂಬ ನೋಡ್ದೆ. ಅರ್ಘ್ಯ ಕೊಟ್ಟೆ. ಈಗ ಕಾಫಿ ಕುಡಿ!"

"ಈಗೇನೋ ಕುಡಿಯೋದು? ಬೆಳಗ್ಗೆಯಿಂದ ಐದು ಲೋಟ ಆಯ್ತು," ಎಂದು ಅವರು ನಕ್ಕರು. "ಭಾನುವಾರ ಬೆಳಗ್ಗೆ ಅಂತ ರಮೇಶ ಹೇಳಿದ್ನಲ್ಲ. ಆರೂ ಇಪ್ಪತ್ತಕ್ಕೆ ಇಲ್ಲಿ ಸೂರ್ಯ ಬಂದ. ನನ್ನ ಮಗನೂ ನೋಡಿರ್ತಾನೆ ಅಂತ ಕೈಮುಗಿದು, ಲೋಟ ಎತ್ತಿದೆ. ಸೂರ್ಯ ಇರೋದು ಒಬ್ಬನೇ ತಾನೇ?"

ಮೈಸೂರಿನ ಬೆಳಗು ಇಲ್ಲಿಗಿಂತ ಎಷ್ಟೋ ಮೊದಲು ಎಂಬುದು ಅಶ್ವತ್ಥನಿಗೆ ಆಗ ಹೊಳೆಯಿತು. ಆದರೂ ತಕ್ಷಣ ಸುಧಾರಿಸಿಕೊಂಡು, "ಹೌದಮ್ಮಾ, ಒಬ್ಬನೇ, ಒಬ್ಬನೇ. ಇಡ್ತೀನಿ," ಎಂದು ಕಾಲ್ ಮುಗಿಸಲು ಬೆರಳು ಚಾಚಿದ. ಅಷ್ಟರಲ್ಲಿ ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದ ಚಕ್ರಪಾಣಿಯ ತಲೆ ಫೋನಿನೊಳಗೆ ತೂರಿತು.

"ತಾಳಿ ತಾಳಿ. ಅಲ್ಲಿ ಭಾನುವಾರ ಬೆಳಗ್ಗೆ ಆರೂ ಇಪ್ಪತ್ತು ಅಂದ್ರೆ..." ಅವನು ಬೆರಳು ಮಡಿಸತೊಡಗಿದ. ಅಶ್ವತ್ಥ ಅವನ ಪಕ್ಕೆ ಚಿವುಟಿದ. ಚಳಿಗೆ ಮರಗಟ್ಟಿದ್ದ ಪಕ್ಕೆಗೆ ಅದು ತಿಳಿಯಲೇ ಇಲ್ಲ. "ಇಲ್ಲಿ ಶನಿವಾರ ಸಂಜೆ ನಾಲ್ಕೂ ಐವತ್ತು! ಅಮ್ಮಾ, ನೀವು ಕಾಫಿ ಕುಡಿದಾಗ ಇವರಿನ್ನೂ ಮನೆಯಿಂದಲೇ ಹೊರಟಿರಲಿಲ್ಲ!"

"ಹೌದೌದು, ಆಗ ನಮ್ಮ ಮನೆಯಲ್ಲಿ ನನ್ನ ಹೆಂಡ್ತಿ ಲಿಲ್ಲಿ ಮಾಡಿದ ನೀರುಳ್ಳಿ ಬಜೆ ತಿಂತಾ ಇದ್ರು," ಎಂದು ವಿಲ್ಫ್ರೆಡ್ ಸಾಕ್ಷಿ ನುಡಿದ.

ಕಮಲಾಕ್ಷಮ್ಮನ ನಗು ನಿಂತಿತು. "ಅಂದ್ರೆ ಹರಕೆ ತೀರೋ ಮುಂಚೆ ಕುಡಿದ ಹಾಗಾಯ್ತೇನಪ್ಪಾ? ದೋಷ ಇದೆಯಾ?"

ತನ್ನನ್ನು ಶಾಸ್ತ್ರ ಕೇಳಿದರೆ ಚಕ್ರಪಾಣಿಯ ಮೈಯಲ್ಲಿ ಹೊಸ ರಕ್ತ ಹರಿಯುತ್ತದೆ. "ಇದೆ ಅಮ್ಮಾ, ಸುಳ್ಳು ಹೇಳಬಾರದು. ಇವತ್ತಿಂದು ಲೆಕ್ಕಕ್ಕೆ ಬರಲ್ಲ. ತಪ್ಪುಕಾಣಿಕೆ ಸೇರಿಸಿ ಮೂರು ಸಲ ಹತ್ತಿಬಿಟ್ಟರೆ ಶುದ್ಧವಾಗುತ್ತೆ."

"ಮೂರಾ!" ಎಂದ ಅಶ್ವತ್ಥ.

"ಮೂರು ಭಾನುವಾರ ಹತ್ತು ಕಂದಾ," ಎಂದರು ಕಮಲಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು. "ತಪ್ಪು ನಂದೇ. ಮೂರೂ ಮುಗಿಯೋವರೆಗೆ ನಾನು ಕಾಫಿ ವಾಸನೇನೂ ನೋಡಲ್ಲ."

ವಿಲ್ಫ್ರೆಡ್ ಖುಷಿಯಿಂದ ಸುತ್ತಲಿನ ಗುಡ್ಡಗಳಿಗೆ ಕೈತೋರಿಸಿ ಒಂದೊಂದರ ಎತ್ತರ ಹೇಳತೊಡಗಿದ. ಫೋನಿನೊಳಗೆ ಅಮ್ಮನ ಹಿಂದಿನಿಂದ ಯಾರೋ ಓಡಿ ಬಂದ ಸದ್ದಾಯಿತು. ರಮೇಶನ ಕಂಗೆಟ್ಟ ಮುಖ ಪರದೆಯ ತುಂಬ ಕಾಣಿಸಿಕೊಂಡಿತು.

"ಅಣ್ಣಾ, ದಮ್ಮಯ್ಯ! ಇವತ್ತೇ ಇನ್ನೊಂದು ಸಲ ಹುಟ್ಟಲ್ವೇನೋ ಅವನು?"

ಅಶ್ವತ್ಥ ಪೂರ್ವಕ್ಕೆ ತಿರುಗಿ ನೋಡಿದ. ಸೂರ್ಯ ಆಗಲೇ ಒಂದು ಮಾರು ಮೇಲೆ ಬಂದಿದ್ದ.