ಬೇವಿನಗಡ್ಡಿಯ ಲಕೋಟೆ

ಶಹಾಪುರದ ನಮ್ಮ ಶಾಲೆಯ ಹಳೆಯ ನಿಘಂಟಿನ ರಟ್ಟು ಕಿತ್ತು ಬಂದಾಗ ಒಳಗೆ ಒಂದು ಅಂಚೆ ಲಕೋಟೆ ಕಂಡಿತು. ಬೈಂಡಿಂಗ್ ಮಾಡಿದವರು ರದ್ದಿ ಅಂತ ಅಂಟಿಸಿದ್ದರು. ಊರಿನ ಹೆಸರಿದ್ದ ಅಂಚೆ ಮುದ್ರೆಯ ಅರ್ಧಭಾಗದ ಮೇಲೆ ಇನ್ನೊಂದು ಕಾಗದದ ಪಟ್ಟಿ. ಉಳಿದ ಅರ್ಧದಲ್ಲಿ ಓದಲು ಬಂದದ್ದು '...ಗಡ್ಡಿ' ಎಂದಷ್ಟೇ. ನಾನು ಹುಡುಕಿದ ಯಾವ ನಕ್ಷೆಯಲ್ಲೂ ಅಂಥ ಊರಿಲ್ಲ. ಸಂಶೋಧಕನಾಗಲು ಇನ್ನೇನು ಬೇಕು?

ಸುರಪುರದ ನಿವೃತ್ತ ಪೋಸ್ಟ್‌ಮ್ಯಾನ್ ರುದ್ರಪ್ಪನವರಿಗೆ ಫೋನ್ ಮಾಡಿದೆ.

"ಹೊಳಿದಂಡಿ ಊರಿರಬೇಕ್ರಿ, ಪೂರಾ ಹೆಸರ ನನಗ ನೆನಪಿಲ್ಲ. ಡ್ಯಾಮ್ ಕಟ್ಟಿದಾಗ ಮುಳುಗ್ಯಾದ," ಅಂದರು. "ಆ ಊರಿಂದ ಬಂದ ಹಣಮವ್ವ ಅನ್ನೋ ಮುದುಕಿ ದೇವಾಪುರದಾಗ ಅದಾಳ. ಊರ ಹೆಸರಿದ್ದ ಒಂದು ಚೀಟಿ ಸೈತ ಆಕಿ ಹಂತ್ಯಾಕ ಉಳದಿಲ್ಲ. ಲಕೋಟಿ ಹ್ಯಾಂಗ ಅದನೋ ಹಂಗ ತಗೊಂಡು ಬರ್ರಿ."

ಅರ್ಧ ಹೆಸರು ಹಿಡಿದು ಮುದುಕಿಯ ಮುಂದೆ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಪೂರ್ಣ ಹೆಸರನ್ನೇ ಗೌರವಪೂರ್ವಕವಾಗಿ ಒಪ್ಪಿಸಬೇಕೆಂದು ತೀರ್ಮಾನಿಸಿದೆ.

ಭಾನುವಾರ ಮುಂಜಾನೆ ಪರಾತದಲ್ಲಿ ಬಿಸಿನೀರು ಹಾಕಿ, ಅದಕ್ಕೆ ಸೋಡಾ ಬೆರೆಸಿದೆ.

"ಮೊದಲ ಒಂದು ಫೋಟೋ ತಕ್ಕೋರಿ," ಅಂದಳು ಹೆಂಡತಿ ಸುಭದ್ರಾ.

"ನಿನಗ ಇದರಾಗಿಂದು ತಿಳಿಯಂಗಿಲ್ಲ," ಅಂದೆ. ಲಕೋಟೆ ಮುಳುಗಿಸಿದೆ.

ಪಟ್ಟಿ ಬಿಟ್ಟಿತು. ಅದರ ಜೊತೆಗೆ ವಿಳಾಸವೂ ಬಿಟ್ಟಿತು! ಪರಾತದ ನೀರು ನೀಲಿಯಾಯಿತು. ಆದರೆ ಮುದ್ರೆಯ ಕಪ್ಪು ಮಸಿ ಮಬ್ಬಾಗಿಯಾದರೂ ಉಳಿದಿತ್ತು. ಒಣಗಿದರೆ ಓದಬಹುದು. ಬಿಸಿಲಿಗೆ ಇಟ್ಟರೆ ತಡವಾದೀತೆಂದು ಇಸ್ತ್ರಿ ಪೆಟ್ಟಿಗೆ ತಂದೆ. ಲಕೋಟೆಯ ಮೇಲೆ ಇಟ್ಟೆನೋ ಇಲ್ಲವೋ, ಫೋನ್ ಬಂತು.

"ಹೊಂಟೀರೇನ್ರಿ ಮಾಸ್ತರ?" ರುದ್ರಪ್ಪ. "ಮುದುಕಿ ಆಗಿಂದ ಕಟ್ಟಿಮ್ಯಾಲ ಕುಂತು ದಾರಿ ನೋಡಾಕತ್ಯಾಳಂತ."

"ಇನ್ನೇನ್ರಿ, ತಯಾರಾಗಾಕತ್ತದ," ಅಂದೆ. ವಾಸನೆ ಬಂತು.

ತಿರುಗಿ ನೋಡಿದರೆ ಲಕೋಟೆ ಸುಟ್ಟಿತ್ತು. ಪೂರ್ತಿ ಅಲ್ಲ. ಮುದ್ರೆ ಇದ್ದಷ್ಟೇ.

ಸುಭದ್ರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಾಯಾಕತ್ಯಾಳ ಅಂದಮ್ಯಾಲ ಹೋಗ್ರಿ. ಖರೇನ ಹೇಳ್ರಿ," ಅಂದಳಷ್ಟೆ.

ಹೋದೆ. ಬಸ್ಸಿನಲ್ಲಿ ನಾಲ್ಕು ಸುಳ್ಳು ಹೊಂದಿಸಿಕೊಂಡೆ. ಒಂದೂ ಸುರಪುರದವರೆಗೆ ಬಾಳಲಿಲ್ಲ. ಅಲ್ಲಿಂದ ರುದ್ರಪ್ಪ ತಮ್ಮ ಗಾಡಿಯ ಮೇಲೆ ಕೂಡಿಸಿಕೊಂಡು ದೇವಾಪುರಕ್ಕೆ ಕರೆದೊಯ್ದರು.

ಹಣಮವ್ವ ಕೈ ಒರೆಸಿಕೊಂಡು ಲಕೋಟೆ ಈಸಿಕೊಂಡಳು. ತಿರುಗಿಸಿ ನೋಡಿದಳು, ಬೆಳಕಿಗೆ ಹಿಡಿದಳು.

"ಇದರಾಗ ನಮ್ಮೂರ ಎಲ್ಲದರೀ?"

ತೂತಿನ ಮೇಲೆ ಬೆರಳಿಟ್ಟೆ. "ಇಲ್ಲಿತ್ತಬೇ. ಮೊದಲ ನೀರಾಗ ಹಾಕಿದೆ, ಆಮ್ಯಾಲ ಇಸ್ತ್ರಿ ಮಾಡಿದೆ. ತಪ್ಪ ನಂದ."

ಮುದುಕಿ ಆ ತೂತಿನೊಳಗೆ ಬೆರಳು ತೂರಿಸಿ ನೋಡಿದಳು. ರುದ್ರಪ್ಪ ಬೇರೆ ಕಡೆ ಮುಖ ತಿರುಗಿಸಿದರು.

"ನಮ್ಮೂರ ಬರೇ ಮುಳುಗಿತ್ತರೀ ಮಾಸ್ತರ," ಅಂದಳು. "ಸುಟ್ಟಿರಲಿಲ್ಲ."

ನಾನು ತಲೆ ತಗ್ಗಿಸಿದೆ. ಆಕೆಯೇ ಒಂದು ಚರಿಗೆ ನೀರು ಕೊಟ್ಟು ಸಮಾಧಾನ ಮಾಡಿದಳು. "ಹೆಸರ ಬೇಕಿದ್ರ ನನ್ನ ಕೇಳಿದ್ರ ಆಗತಿತ್ತು. ಬೇವಿನಗಡ್ಡಿ. ಬರಕೋರಿ."

ಬರೆದುಕೊಂಡೆ. ಓಣಿಗಳ ಹೆಸರು, ಬಾವಿಯ ಹೆಸರು, ಟಪಾಲು ತರುತ್ತಿದ್ದವನ ಹೆಸರು, ಎಲ್ಲ ಹೇಳಿದಳು. ನನ್ನ ಸಂಶೋಧನೆ ಒಂದು ತಾಸಿನಲ್ಲಿ ಮುಗಿಯಿತು.

ಏಳುವಾಗ ಕೇಳಿದಳು, "ಸಾಲ್ಯಾಗ ಏನ ಕಲಸ್ತೀರಿ?"

ಇಪ್ಪತ್ತು ವರ್ಷದಿಂದ ನಾನು ಕಲಿಸುತ್ತಿರುವುದು ಇತಿಹಾಸ.

"ಡ್ರಿಲ್ಲಬೇ," ಅಂದೆ.

"ಹಂಗಾರ ಇರಲಿ ಬಿಡ್ರಿ," ಅಂದಳು.